ಓದದವರ ತೀರ್ಪು: ಕಲ್ಯಾಣದ ಕಾದಂಬರಿಗಳೂ ಅಭಿಪ್ರಾಯದ ಹೊಣೆಯೂ

ಬೀದರಿನಿಂದ ಔರಾದಿನ ಕಡೆಗೆ ಹೋಗುವ ದಾರಿಯಲ್ಲಿ ಜನವಾಡ ಸಿಗುತ್ತದೆ. ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಕಟ್ಟೆಯ ಮೇಲೆ ಕೂತು ಮಾತಾಡುವ ಸೀಮೆಯಿದು. ಇಂತಹ ಊರಿಗೆ ಹೊಸ ಕಾದಂಬರಿಯೊಂದು ತಲುಪಲು ಇಂದಿಗೂ ತಿಂಗಳುಗಳು ಬೇಕು. ಅದರ ಬಗೆಗಿನ ಅಭಿಪ್ರಾಯ ತಲುಪಲು ಅರೆಗಳಿಗೆ ಸಾಕು. ಕಾದಂಬರಿ ಯಾರನ್ನು ಹೊಗಳಿದೆ, ಯಾರನ್ನು ತೆಗಳಿದೆ, ಬರೆದವರು ಯಾವ ಜಾತಿಯವರು, ಯಾವ ಪಂಥದವರು ಎಂಬ ನಾಲ್ಕು ಸಂಗತಿಗಳು ಅಂಗೈಯೊಳಗಿನ ಮೊಬೈಲಿಗೆ ಬಂದು ಬಿದ್ದರೆ ಪುಸ್ತಕವನ್ನು ತೆರೆಯುವ ಅಗತ್ಯವೇ ಉಳಿಯುವುದಿಲ್ಲ. ಇತ್ತೀಚೆಗೆ ಓದಿದ ಕಾದಂಬರಿಗಳ ಬಗ್ಗೆ ಮಾತಾಡುವುದು ಒಂದು ಕಾಲಕ್ಕೆ ಸಾಹಿತ್ಯ ವಿದ್ಯಾರ್ಥಿಯ ಸಹಜ ಸುಖವಾಗಿತ್ತು. ಈಗ ಆ ಮಾತಿನಲ್ಲಿ ‘ಇತ್ತೀಚೆಗೆ’ ಉಳಿದಿದೆ, ‘ಕಾದಂಬರಿ’ ಉಳಿದಿದೆ, ‘ಓದಿದ’ ಎಂಬ ಪದ ಮಾತ್ರ ಸದ್ದಿಲ್ಲದೆ ಬಿದ್ದುಹೋಗಿದೆ.

ಈ ರೋಗ ಕನ್ನಡ ನಾಡಿನಲ್ಲೆಲ್ಲ ಹರಡಿದೆ ಎಂಬುದು ನಿಜ. ಆದರೆ ಬೀದರ್ ಸೀಮೆಯಲ್ಲಿ ಅದಕ್ಕೆ ಹೆಚ್ಚಿನ ಬೆಲೆ ತೆರಬೇಕಾಗುತ್ತದೆ. ಕಾರಣಗಳು ಎರಡು. ಒಂದು, ಕನ್ನಡದ ಐತಿಹಾಸಿಕ ಕಾದಂಬರಿ ಮತ್ತೆ ಮತ್ತೆ ಹೊಕ್ಕು ಬಂದಿರುವ ಕಲ್ಯಾಣ ಪಟ್ಟಣ ಇದೇ ಜಿಲ್ಲೆಯಲ್ಲಿದೆ. ಇನ್ನೊಂದು, ಕನ್ನಡದಲ್ಲಿ ಓದುವ ಹಕ್ಕನ್ನು ಈ ಸೀಮೆ ಸುಲಭವಾಗಿ ಪಡೆದದ್ದಲ್ಲ.

ಓದಿಗಾಗಿ ಹೋರಾಡಿದ ಸೀಮೆ

ನಿಜಾಮರ ಆಳ್ವಿಕೆಯಲ್ಲಿ ಆಡಳಿತಕ್ಕೂ ಶಿಕ್ಷಣಕ್ಕೂ ಉರ್ದುವೇ ಮಾಧ್ಯಮವಾಗಿದ್ದಾಗ ಭಾಲ್ಕಿ ಹಿರೇಮಠದ ಚೆನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿಯನ್ನು ಜಿಲ್ಲೆಯ ಮಕ್ಕಳೂ ಬಲ್ಲರು. 1948ರ ಸೆಪ್ಟೆಂಬರಿನಲ್ಲಿ ನಿಜಾಮಶಾಹಿ ಕೊನೆಗೊಂಡು, 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋದಾಗ, ಬೀದರ್, ಭಾಲ್ಕಿ, ಔರಾದಗಳು ಮೈಸೂರು ರಾಜ್ಯಕ್ಕೆ ಬಂದವು. ಅದಾದ ನಾಲ್ಕೇ ವರ್ಷಕ್ಕೆ, 1960ರಲ್ಲಿ, ಬೀದರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅಧ್ಯಕ್ಷರು ಡಿ. ಎಲ್. ನರಸಿಂಹಾಚಾರ್ಯರು.

ಈ ಆಯ್ಕೆಯಲ್ಲಿ ಇಂದಿನ ವಿದ್ಯಾರ್ಥಿಗೆ ಒಂದು ಪಾಠವಿದೆ. ನರಸಿಂಹಾಚಾರ್ಯರು ‘ವಡ್ಡಾರಾಧನೆ’ಯನ್ನು ಸಂಪಾದಿಸಿಕೊಟ್ಟವರು. ಹತ್ತೊಂಬತ್ತು ಜೈನ ಕಥೆಗಳ ಆ ಗದ್ಯಗ್ರಂಥದ ಕರ್ತೃ ಯಾರು, ಕಾಲ ಯಾವುದು, ಅದರ ನಿಜವಾದ ಹೆಸರು ಯಾವುದು ಎಂಬ ಪ್ರಶ್ನೆಗಳು ಇಂದಿಗೂ ವಿದ್ವಾಂಸರ ನಡುವೆ ಚರ್ಚೆಯಲ್ಲಿವೆ. ಓಲೆಗರಿಯ ಒಂದು ಅಕ್ಷರ ‘ಪ’ವೋ ‘ಷ’ವೋ ಎಂದು ತೀರ್ಮಾನಿಸುವ ಮೊದಲು ಪ್ರತಿಗಳನ್ನೆಲ್ಲ ಎದುರಿಗಿಟ್ಟುಕೊಳ್ಳುವುದು ಆ ಪರಂಪರೆಯ ಶಿಸ್ತು. ಅಂತಹವರು ಅಧ್ಯಕ್ಷತೆ ವಹಿಸಿದ ಊರಿನಲ್ಲಿ ನಾನೂರು ಪುಟದ ಕಾದಂಬರಿಯೊಂದನ್ನು ಮುಖಪುಟ ನೋಡಿ ತೀರ್ಮಾನಿಸುವವರು ಸಾಹಿತ್ಯದ ವಿದ್ಯಾರ್ಥಿಗಳೆಂದು ಕರೆಸಿಕೊಳ್ಳುವುದು ಸಲ್ಲದು.

‘ಧರ್ಮಕಾರಣ’ದ ಪ್ರಕರಣ

ಪಿ. ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿ ಪ್ರಕಟವಾದದ್ದು 1995ರಲ್ಲಿ. ವಸ್ತು ಹನ್ನೆರಡನೆಯ ಶತಮಾನದ ಕಲ್ಯಾಣ. ಮೊದಲಿಗೆ ಪುರಸ್ಕಾರವನ್ನೂ ಪಡೆದ ಕೃತಿಯದು. ಅನಂತರ ಅಕ್ಕನಾಗಮ್ಮನವರನ್ನೂ ಚೆನ್ನಬಸವಣ್ಣನವರ ಜನನದ ಪ್ರಸಂಗವನ್ನೂ ಚಿತ್ರಿಸಿದ ಭಾಗಗಳ ಬಗ್ಗೆ ಆಕ್ಷೇಪ ಎದ್ದಿತು. 1997ರಲ್ಲಿ ರಾಜ್ಯ ಸರಕಾರ ದಂಡ ಪ್ರಕ್ರಿಯಾ ಸಂಹಿತೆಯ 95ನೆಯ ಕಲಮಿನ ಅಡಿಯಲ್ಲಿ ಕೃತಿಯನ್ನು ಮುಟ್ಟುಗೋಲು ಹಾಕಿಕೊಂಡಿತು. ಬರಗೂರು ರಾಮಚಂದ್ರಪ್ಪ ಮೊದಲಾದವರು ಅದನ್ನು ಪ್ರಶ್ನಿಸಿದರು. ಪ್ರಕರಣ ಸರ್ವೋಚ್ಚ ನ್ಯಾಯಾಲಯದ ವರೆಗೆ ಹೋಗಿ 2007ರಲ್ಲಿ ಸರಕಾರದ ಕ್ರಮವೇ ಊರ್ಜಿತವಾಯಿತು.

ಇಲ್ಲಿ ವಿವೇಚಿಸಬೇಕಾದದ್ದು ತೀರ್ಪಿನ ಸರಿತಪ್ಪನ್ನಲ್ಲ. ನ್ಯಾಯಾಲಯದ ಮುಂದಿದ್ದ ಪ್ರಶ್ನೆ ಒಂದು ಕಲಮಿಗೆ ಸಂಬಂಧಿಸಿದ್ದು: ಮುಟ್ಟುಗೋಲಿಗೆ ಕಾನೂನು ಕೇಳುವ ಆಧಾರಗಳು ಇವೆಯೇ, ಇಲ್ಲವೇ? ‘ಕಾದಂಬರಿ ಹೇಗಿದೆ’ ಎಂಬ ಪ್ರಶ್ನೆಯನ್ನು ಯಾವ ನ್ಯಾಯಾಲಯವೂ ಕೇಳಿಕೊಳ್ಳುವುದಿಲ್ಲ, ಕೇಳಿಕೊಳ್ಳಲೂ ಬಾರದು. ಅದು ವಿಮರ್ಶಕರ ಕೆಲಸ. ಕನ್ನಡದಲ್ಲಿ ನಡೆದದ್ದೇನು? ಬಹುಮಂದಿ ವಿಮರ್ಶಕರು ಕೃತಿಯ ಪರವಾಗಿ ಅಥವಾ ವಿರುದ್ಧವಾಗಿ ಸಹಿ ಹಾಕಿದರು. ಕೃತಿಯನ್ನು ವಿಶ್ಲೇಷಿಸಿದವರು ವಿರಳ. ಪರವಾಗಿದ್ದವರು ಅಭಿವ್ಯಕ್ತಿ ಸ್ವಾತಂತ್ರ್ಯದ ಮಾತಾಡಿದರು. ವಿರುದ್ಧವಾಗಿದ್ದವರು ಶರಣರ ಗೌರವದ ಮಾತಾಡಿದರು. ಎರಡೂ ಗಂಭೀರವಾದ ಮಾತುಗಳೇ. ಆದರೆ ಎರಡನ್ನೂ ಕಾದಂಬರಿಯ ಒಂದು ಪುಟವನ್ನೂ ತಿರುವಿಹಾಕದೆ ಆಡಬಹುದಿತ್ತು, ಆಡಲಾಯಿತು.

ಫಲವೇನಾಯಿತೆಂದರೆ, ಇಂದು ಸ್ನಾತಕೋತ್ತರ ತರಗತಿಯಲ್ಲಿ ಕೂತಿರುವ ವಿದ್ಯಾರ್ಥಿ ‘ಧರ್ಮಕಾರಣ’ದ ಬಗ್ಗೆ ಪ್ರಬಂಧ ಬರೆಯುತ್ತಾನೆ, ಅವನಿಗೆ ಸಿಗುವುದು ವಿವಾದದ ವರದಿಗಳು, ಕೃತಿಯಲ್ಲ. ಅವನದು ಕಡ ತಂದ ಅಭಿಪ್ರಾಯ. ಅವನು ಕಡ ತಂದದ್ದು ಯಾರಿಂದಲೋ ಅವರೂ ಕಡ ತಂದವರೇ ಆಗಿರುವ ಸಂಭವವೇ ಹೆಚ್ಚು. ಮುಟ್ಟುಗೋಲಿನಿಂದ ಪುಸ್ತಕ ಕಾಣೆಯಾಯಿತು. ಅದಕ್ಕೂ ಮೊದಲೇ ವಿಮರ್ಶೆ ಕಾಣೆಯಾಗಿತ್ತು.

ನೋವು ಸುಳ್ಳಲ್ಲವಲ್ಲ ಎಂದು ಕೇಳುವವರಿದ್ದಾರೆ. ಪೂಜ್ಯರೆಂದು ತಲೆತಲಾಂತರದಿಂದ ನಂಬಿದವರನ್ನು ಕಾದಂಬರಿಕಾರ ಹಗುರವಾಗಿ ಚಿತ್ರಿಸಿದನೆಂದು ಭಕ್ತನಿಗೆ ಅನಿಸಿದರೆ ಅವನ ನೋವು ನಿಜವೇ. ಆ ನೋವಿಗೆ ವಿಮರ್ಶೆಯಲ್ಲಿ ಸ್ಥಾನವಿದೆ. ಇಂತಹ ಪುಟದಲ್ಲಿ, ಇಂತಹ ಪ್ರಸಂಗದಲ್ಲಿ, ಪಾತ್ರದ ಘನತೆಗೆ ಪ್ರಸಂಗ ಹೊಂದುವುದಿಲ್ಲ, ಆಕರಗಳಲ್ಲಿ ಇದಕ್ಕೆ ಆಧಾರವಿಲ್ಲ, ಕಥನಕ್ಕೂ ಇದರ ಅಗತ್ಯವಿರಲಿಲ್ಲ ಎಂದು ತೋರಿಸಿಕೊಟ್ಟರೆ ಅದಕ್ಕಿಂತ ಬಲವಾದ ಖಂಡನೆ ಬೇರೆ ಇಲ್ಲ. ಕಾದಂಬರಿಕಾರನೂ ಅದಕ್ಕೆ ಉತ್ತರಿಸಬೇಕಾಗುತ್ತದೆ. ಪುಟವನ್ನು ಹೆಸರಿಸದ ನೋವಿಗೆ ಉತ್ತರಿಸಲು ಯಾರಿಂದಲೂ ಆಗದು. ಅದರ ಮುಂದೆ ಉಳಿಯುವ ದಾರಿಗಳು ಎರಡೇ, ಶರಣಾಗತಿ ಅಥವಾ ನಿಷೇಧ.

ಸಂಶೋಧನೆಗೂ ಅದೇ ಗತಿ

ಪ್ರಕಾರ ಯಾವುದೆಂದು ನೋಡದೆ ತೀರ್ಪು ಕೊಡುವ ಚಾಳಿಗೆ ಇನ್ನೊಂದು ಸಾಕ್ಷಿ ‘ಮಾರ್ಗ’. ಎಂ. ಎಂ. ಕಲಬುರ್ಗಿಯವರು ತಮ್ಮ ‘ಮಾರ್ಗ’ ಸಂಪುಟದಲ್ಲಿ ಚೆನ್ನಬಸವಣ್ಣನವರ ಜನನ ಮೊದಲಾದ ವಿಷಯಗಳ ಬಗ್ಗೆ ಮಂಡಿಸಿದ್ದ ವಿಚಾರಗಳು 1989ರಲ್ಲಿ ಪ್ರತಿಭಟನೆಗೆ ಗುರಿಯಾದವು. ಒತ್ತಡಕ್ಕೆ ಮಣಿದು ಅವರು ಅವನ್ನು ಹಿಂತೆಗೆದುಕೊಳ್ಳಬೇಕಾಯಿತು. ಒಂದು ವಚನಗಳ ಪಾಠವನ್ನು ಆಧರಿಸಿದ ಸಂಶೋಧನೆ, ಇನ್ನೊಂದು ಕಲ್ಪನೆಯ ಸ್ವಾತಂತ್ರ್ಯವುಳ್ಳ ಕಾದಂಬರಿ. ಸಂಶೋಧನೆಯನ್ನು ಪ್ರಮಾಣದಿಂದ ಅಲ್ಲಗಳೆಯಬೇಕು. ಕಾದಂಬರಿಯನ್ನು ಕಥನದ ನ್ಯಾಯದಿಂದ ಅಳೆಯಬೇಕು. ಎರಡಕ್ಕೂ ಒಂದೇ ಮದ್ದು ಅರೆಯಲಾಯಿತು. ಈ ಎರಡು ಪ್ರಕರಣಗಳನ್ನು ಒಂದೇ ವಾಕ್ಯದಲ್ಲಿ ಸೇರಿಸಿ ‘ವಿವಾದಿತ ಕೃತಿಗಳು’ ಎಂದು ಬರೆದು ಮುಂದೆ ಸಾಗುವ ಪಠ್ಯಪುಸ್ತಕಗಳೂ ಆ ತಪ್ಪನ್ನೇ ಮುಂದುವರಿಸುತ್ತಿವೆ.

ಬಿಜ್ಜಳನೂ ಜೈನ ಓದುಗರೂ

ಓದದೆ ತೀರ್ಪು ಕೊಡುವ ದೋಷವನ್ನು ಒಂದು ಸಮುದಾಯದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ. ಕಲ್ಯಾಣದ ಕಥೆ ಬಂದಾಗ ಜೈನ ಓದುಗರ ನಡತೆ ಇದಕ್ಕಿಂತ ಮೇಲಾಗಿಲ್ಲ. ಬಿಜ್ಜಳನು ಜೈನ, ಆದ್ದರಿಂದಲೇ ಅವನನ್ನು ಖಳನನ್ನಾಗಿ ಮಾಡಲಾಗಿದೆ ಎಂಬ ದೂರು ಪ್ರತಿ ಹೊಸ ಕಾದಂಬರಿಯ ಬೆನ್ನಿಗೂ ಬರುತ್ತದೆ. ಈ ದೂರಿನಲ್ಲಿ ಎರಡು ಹೇಳಿಕೆಗಳಿವೆ. ಎರಡಕ್ಕೂ ಪ್ರಮಾಣ ಬೇಕು.

ಬಿಜ್ಜಳನ ಮತ ಯಾವುದು ಎಂಬ ಬಗ್ಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಜೈನ ಪರಂಪರೆಯ ‘ಬಿಜ್ಜಳರಾಯ ಚರಿತೆ’ ಅವನನ್ನು ಜೈನನೆನ್ನುತ್ತದೆ. ಅದು ಬಿಜ್ಜಳನಿಗೆ ಶತಮಾನಗಳ ನಂತರ ಹುಟ್ಟಿದ ಕೃತಿ. ಅದರಲ್ಲಿ ಬಿಜ್ಜಳನು ಸಾಯುವುದು ವಿಷದಿಂದ. ವೀರಶೈವ ಪುರಾಣಗಳಲ್ಲಿ ಅವನನ್ನು ಕೊಲ್ಲುವವರು ಜಗದೇವ, ಬೊಮ್ಮಣ್ಣರು. ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನವನ್ನು ನೋಡಿದರೆ ಚಿತ್ರ ಇನ್ನೂ ಜಟಿಲವಾಗುತ್ತದೆ. ಏಕಾಂತದ ರಾಮಯ್ಯನ ಮೇಲೆ ಜೈನರು ದೂರು ತಂದಾಗ ಬಿಜ್ಜಳನು ರಾಮಯ್ಯನಿಗೇ ಜಯಪತ್ರ ಕೊಟ್ಟನೆಂದು ಆ ಶಾಸನ ಸಾರುತ್ತದೆ. ಅದು ಗೆದ್ದ ಪಕ್ಷದ ಶಾಸನವೆಂಬುದನ್ನು ಮರೆಯಬಾರದು. ಆದರೆ ಬಿಜ್ಜಳನನ್ನು ಜೈನ ಪಕ್ಷಪಾತಿಯೆಂದು ಸರಳವಾಗಿ ಬಣ್ಣಿಸುವವರಿಗೆ ಅದು ಅಡ್ಡಿಯಾಗುತ್ತದೆ. ಶಾಸನಗಳಿಂದ ಗಟ್ಟಿಯಾಗಿ ತಿಳಿಯುವುದು ಅವನು ಚಾಲುಕ್ಯ ತೈಲಪನಿಂದ ಅಧಿಕಾರ ಕಿತ್ತುಕೊಂಡದ್ದು, ಮತ್ತು ಕ್ರಿ.ಶ. 1167ರ ಸುಮಾರಿಗೆ ಅಧಿಕಾರ ಅವನ ಮಗ ಸೋವಿದೇವನಿಗೆ ಬಂದದ್ದು. ಬಸವಣ್ಣನವರ ಹೆಸರು ಹೇಳುವ ಅರ್ಜುನವಾಡದ ಶಾಸನವೋ 1260ರದು. ಇಷ್ಟು ತೆಳುವಾದ ಆಧಾರದ ಮೇಲೆ ಯಾವ ಕಾದಂಬರಿಕಾರನೂ ಕಲ್ಪನೆಯಿಲ್ಲದೆ ಒಂದು ಅಧ್ಯಾಯವನ್ನೂ ಬರೆಯಲಾರನು.

ಬಿ. ಪುಟ್ಟಸ್ವಾಮಯ್ಯನವರು ‘ಉದಯರವಿ’, ‘ರಾಜ್ಯಪಾಲ’, ‘ಕಲ್ಯಾಣೇಶ್ವರ’, ‘ನಾಗಬಂಧ’, ‘ಮುಗಿಯದ ಕನಸು’, ‘ಕ್ರಾಂತಿ ಕಲ್ಯಾಣ’ ಎಂಬ ಆರು ಕಾದಂಬರಿಗಳಲ್ಲಿ ಈ ಕಾಲವನ್ನು ಹಿಡಿಯಲು ಯತ್ನಿಸಿದರು. ಕೊನೆಯದಕ್ಕೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಬಿಜ್ಜಳನ ಚಿತ್ರಣ ನ್ಯಾಯವಾಗಿದೆಯೇ ಎಂದು ಕೇಳುವ ಜೈನ ಓದುಗನಿಗೆ ಈ ಆರನ್ನೂ ಓದುವ ಕರ್ತವ್ಯವಿದೆ. ಗುಬ್ಬಿ ಕಂಪನಿಗೆ ‘ಕುರುಕ್ಷೇತ್ರ’ದಂತಹ ನಾಟಕ ಬರೆದುಕೊಟ್ಟ ಲೇಖಕ ಅರಸನೊಬ್ಬನನ್ನು ಹೇಗೆ ಕಟ್ಟುತ್ತಾನೆ, ರಂಗಭೂಮಿಯ ನಾಯಕ-ಪ್ರತಿನಾಯಕರ ಎರಕ ಅಲ್ಲಿ ಎಷ್ಟು ಕೆಲಸ ಮಾಡಿದೆ, ಮತದ್ವೇಷ ಎಷ್ಟು ಕೆಲಸ ಮಾಡಿದೆ ಎಂಬುದನ್ನು ಬಿಡಿಸಿ ನೋಡಬೇಕು. ಆ ಶ್ರಮವಿಲ್ಲದ ದೂರು ವಿಮರ್ಶೆಯಾಗುವುದಿಲ್ಲ.

ಇದರ ಮಗ್ಗುಲನ್ನೂ ನೋಡಬೇಕು. ಶಾಂತಲೆಯ ಕಾದಂಬರಿಗಳನ್ನು ಹೊಗಳುವಾಗ ಇದೇ ಓದುಗರು ಪ್ರಮಾಣವನ್ನು ಕೇಳುವುದಿಲ್ಲ. ಸಿ. ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ಗೆ 1983ರಲ್ಲಿ ಮೊದಲ ಮೂರ್ತಿದೇವಿ ಪ್ರಶಸ್ತಿ ಬಂತೆಂಬ ಹೆಮ್ಮೆ ಎಲ್ಲರಿಗೂ ಇದೆ, ಆ ಬೃಹತ್ ಕೃತಿಯ ಉದ್ದಳತೆ ಕಥನಕ್ಕೆ ಬಲವೋ ಭಾರವೋ ಎಂದು ಕೇಳಿದವರು ಕಡಿಮೆ. ಶಾಂತಲೆ ಶಿವಗಂಗೆಯ ಬೆಟ್ಟದಿಂದ ಧುಮುಕಿದಳೆಂಬ ಜನಜನಿತ ಕಥೆಯನ್ನು ಇತಿಹಾಸವೆಂದೇ ನಂಬಿದವರಿದ್ದಾರೆ. ಶ್ರವಣಬೆಳಗೊಳದ ಶಾಸನ ಹೇಳುವುದು ಅವಳು 1131ರಲ್ಲಿ ಶಿವಗಂಗೆಯಲ್ಲಿ ದೇಹ ಬಿಟ್ಟಳೆಂದು, ತಾಯಿ ಮಾಚಿಕಬ್ಬೆ ಆಮೇಲೆ ಸಲ್ಲೇಖನ ಕೈಗೊಂಡಳೆಂದು. ಧುಮುಕಿದ ಮಾತು ಅಲ್ಲಿಲ್ಲ. 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ ಆ ರಾಣಿಯ ತಂದೆ ಶೈವ, ತಾಯಿ ಜೈನೆ. ಒಂದೇ ಮನೆಯಲ್ಲಿ ಎರಡು ಶ್ರದ್ಧೆಗಳು ಬಾಳಿದ ಈ ಸಂಗತಿ ಕಾದಂಬರಿಗೆ ಎಷ್ಟು ದೊಡ್ಡ ವಸ್ತು! ಅದನ್ನು ಕಾದಂಬರಿಕಾರ ಹೇಗೆ ನಿಭಾಯಿಸಿದ್ದಾನೆಂದು ಕೇಳುವುದನ್ನು ಬಿಟ್ಟು, ನಾಯಕಿ ನಮ್ಮವಳು ಎಂದು ಸಂತೋಷಪಡುವುದು, ಬಿಜ್ಜಳ ನಮ್ಮವನು ಎಂದು ಸಿಟ್ಟಾಗುವುದು ಒಂದೇ ನಾಣ್ಯದ ಎರಡು ಮುಖಗಳು.

‘ಕಾದಂಬರಿ ತಾನೆ’ ಎಂಬ ಗುರಾಣಿ

ಇನ್ನೊಂದು ಪಕ್ಷಕ್ಕೂ ಇಲ್ಲಿ ವಿನಾಯಿತಿ ಕೊಡುವಂತಿಲ್ಲ. ಐತಿಹಾಸಿಕ ಕಾದಂಬರಿಯನ್ನು ಮಾರುವಾಗ ‘ಸಂಶೋಧನಾತ್ಮಕ’ ಎಂದೂ, ಪ್ರಶ್ನೆ ಎದ್ದಾಗ ‘ಇದು ಕಾದಂಬರಿ ತಾನೆ’ ಎಂದೂ ಹೇಳುವ ಎರಡು ನಾಲಗೆಯ ಪದ್ಧತಿ ಬೆಳೆದಿದೆ. ‘ಧರ್ಮಕಾರಣ’ದ ತೀರ್ಪು ಬಂದ 2007ರಲ್ಲೇ ಎಸ್. ಎಲ್. ಭೈರಪ್ಪನವರ ‘ಆವರಣ’ ಹೊರಬಂದು ಬೆನ್ನುಬೆನ್ನಿಗೆ ಮರುಮುದ್ರಣಗಳನ್ನು ಕಂಡಿತು. ಆಕರ ಗ್ರಂಥಗಳ ಪಟ್ಟಿಯೂ ಆ ಕೃತಿಯೊಳಗೇ ಕಥೆಯ ಅಂಗವಾಗಿ ಬರುತ್ತದೆ. ಪಟ್ಟಿಯನ್ನು ಕಂಡೇ ಕೃತಿ ಸತ್ಯವೆಂದವರು ಅದರಲ್ಲಿನ ಒಂದು ಗ್ರಂಥವನ್ನೂ ತೆರೆಯಲಿಲ್ಲ. ಕೃತಿ ಸುಳ್ಳೆಂದವರೂ ತೆರೆಯಲಿಲ್ಲ. ಕಾದಂಬರಿಯೊಳಗೆ ಬಂದ ಪಟ್ಟಿಯು ಪಾತ್ರವೊಂದರ ವಾದವೋ ಲೇಖಕನ ಪ್ರಮಾಣವೋ, ಕಥನಕ್ಕೆ ಅದರಿಂದ ಏನು ಲಾಭ, ಏನು ನಷ್ಟ ಎಂಬ ನಿಜವಾದ ಸಾಹಿತ್ಯಕ ಪ್ರಶ್ನೆ ಘೋಷಣೆಗಳ ಅಡಿಯಲ್ಲಿ ಹೂತುಹೋಯಿತು.

ಕಲ್ಪನೆಗೆ ಸ್ವಾತಂತ್ರ್ಯವಿದೆ, ಆ ಸ್ವಾತಂತ್ರ್ಯವನ್ನು ಬಳಸಿದ ಮೇಲೆ ಇತಿಹಾಸದ ಅಧಿಕಾರವನ್ನು ಬೇಡುವಂತಿಲ್ಲ. ಇತಿಹಾಸದ ಅಧಿಕಾರ ಬೇಕೆಂದರೆ ಇತಿಹಾಸಕಾರನಿಗೆ ಕೇಳುವ ಪ್ರಶ್ನೆಗಳನ್ನು ಎದುರಿಸಲೇಬೇಕು. ಇದು ಎಡಕ್ಕೂ ಬಲಕ್ಕೂ, ಶರಣರ ಕಥೆಗೂ ಸುಲ್ತಾನರ ಕಥೆಗೂ ಒಂದೇ ನಿಯಮ.

‘ಅವರವರ ಅಭಿಪ್ರಾಯ’ ಅನೇಕಾಂತವಲ್ಲ

ಈ ವಾದಗಳನ್ನೆಲ್ಲ ಮುಂದಿಟ್ಟಾಗ ಕೊನೆಗೆ ಕೇಳಿಬರುವ ಮಾತು: ಅವರವರ ಅಭಿಪ್ರಾಯ ಅವರವರಿಗೆ. ಇದನ್ನು ಜೈನರ ಅನೇಕಾಂತವಾದವೆಂದು ಹೇಳಿ ಸಮರ್ಥಿಸುವ ಪಂಡಿತರೂ ಉಂಟು. ಅನೇಕಾಂತಕ್ಕೆ ಇದಕ್ಕಿಂತ ದೊಡ್ಡ ಅಪಚಾರ ಬೇರೊಂದಿಲ್ಲ. ಸ್ಯಾದ್ವಾದವು ಎಲ್ಲ ಮಾತೂ ಸರಿಯೆಂದು ಎಲ್ಲಿಯೂ ಹೇಳಿಲ್ಲ. ಪ್ರತಿಯೊಂದು ಮಾತನ್ನೂ ಅದು ನಿಂತ ನೆಲೆಯನ್ನು ಹೇಳಿಯೇ ಆಡಬೇಕೆಂದು ಅದು ಕಟ್ಟುನಿಟ್ಟು ಮಾಡುತ್ತದೆ. ಹೇಮಚಂದ್ರಾಚಾರ್ಯರು ದುರ್ನಯ, ನಯ, ಪ್ರಮಾಣ ಎಂದು ಮೂರನ್ನು ಬೇರ್ಪಡಿಸಿದ್ದಾರೆ. ‘ಹೀಗೆಯೇ ಇದೆ, ಬೇರೆ ಇಲ್ಲ’ ಎಂಬುದು ದುರ್ನಯ. ಒಂದು ಮುಖವನ್ನು ಹೇಳಿ ಉಳಿದವನ್ನು ಅಲ್ಲಗಳೆಯದಿರುವುದು ನಯ. ನೆಲೆಯನ್ನು ತಿಳಿದು, ಉಳಿದ ನೆಲೆಗಳ ಅರಿವಿನೊಂದಿಗೆ ಹೇಳುವುದು ಪ್ರಮಾಣ. ಕಾದಂಬರಿಗಳ ಬಗ್ಗೆ ಇಂದು ಹರಡುತ್ತಿರುವ ಅಭಿಪ್ರಾಯಗಳಲ್ಲಿ ಬಹುಪಾಲು ದುರ್ನಯ. ಅದನ್ನು ‘ಅವರವರ ಅಭಿಪ್ರಾಯ’ ಎಂದು ಸಹಿಸಿಕೊಳ್ಳುವುದು ದುರ್ನಯಕ್ಕೆ ಕೊಡುವ ಮರ್ಯಾದೆ.

ಜೈನ ತರ್ಕವು ವಸ್ತುವನ್ನು ದ್ರವ್ಯ, ಕ್ಷೇತ್ರ, ಕಾಲ, ಭಾವ ಎಂಬ ನಾಲ್ಕರ ಅಪೇಕ್ಷೆಯಲ್ಲಿ ನೋಡು ಎನ್ನುತ್ತದೆ. ಈ ನಾಲ್ಕು ಕಾದಂಬರಿಯ ವಿಮರ್ಶೆಗೂ ಸಲ್ಲುತ್ತವೆ. ದ್ರವ್ಯ: ಮಾತು ಯಾವ ಕೃತಿಯ, ಯಾವ ಮುದ್ರಣದ, ಯಾವ ಅಧ್ಯಾಯದ ಬಗ್ಗೆ? ಕ್ಷೇತ್ರ: ಲೇಖಕ ಯಾವ ಸೀಮೆಯಿಂದ ಬರೆದ, ಓದುಗ ಯಾವ ಸೀಮೆಯಿಂದ ಓದಿದ? ಕಾಲ: ಕಥೆಯ ಕಾಲ, ಬರೆದ ಕಾಲ, ಓದಿನ ಕಾಲ ಈ ಮೂರರಲ್ಲಿ ಯಾವುದರ ಅಳತೆಗೋಲು ಬಳಸಲಾಗಿದೆ? ಭಾವ: ಕೃತಿ ಯಾವ ಪ್ರಕಾರದ್ದು, ಯಾವ ಧಾಟಿಯದ್ದು? ವ್ಯಂಗ್ಯವನ್ನು ಶಾಸನದಂತೆ, ಶಾಸನವನ್ನು ಸ್ತೋತ್ರದಂತೆ ಓದಲಾಗಿದೆಯೇ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರವಿಲ್ಲದ ಅಭಿಪ್ರಾಯಕ್ಕೆ ಸಂಶೋಧನಾ ಪ್ರಬಂಧದಲ್ಲಿ ಜಾಗ ಕೊಡಬಾರದು.

ಹತ್ತಿರದ ಕಾದಂಬರಿಯನ್ನೂ ಓದದ ಹೆಮ್ಮೆ

ಕ್ಷೇತ್ರದ ಮಾತು ಬಂದದ್ದರಿಂದ ಕಲ್ಯಾಣ ಕರ್ನಾಟಕದ ಓದುಗರ ಇನ್ನೊಂದು ದೌರ್ಬಲ್ಯವನ್ನು ಹೇಳದೆ ವಿಧಿಯಿಲ್ಲ. ಕಲಬುರಗಿಯ ಗೀತಾ ನಾಗಭೂಷಣರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದಕ್ಷಿಣದ ಕೆಲವರು ಆ ಭಾಷೆ ಅರ್ಥವಾಗದೆಂದು ಪುಸ್ತಕ ಕೆಳಗಿಟ್ಟರು. ಇಲ್ಲಿಯವರು ‘ನಮ್ಮ ಮಣ್ಣಿನ ಸೊಗಡು’ ಎಂದು ಹೊಗಳಿ ಅವರೂ ಕೆಳಗಿಟ್ಟರು. ಸೊಗಡು ಎಂಬುದು ವಿಮರ್ಶೆಯ ಪದವಲ್ಲ. ಓದು ನಿಂತ ಜಾಗವನ್ನು ತೋರಿಸುವ ಗುರುತು. ಆ ಆಡುಮಾತು ನಿರೂಪಣೆಯಲ್ಲಿ ಎಷ್ಟಿದೆ, ಸಂಭಾಷಣೆಯಲ್ಲಿ ಎಷ್ಟಿದೆ, ಬಡ ಹೆಣ್ಣಿನ ಸಿಟ್ಟನ್ನು ಹೇಳಲು ಶಿಷ್ಟ ಕನ್ನಡಕ್ಕೆ ಆಗದ್ದನ್ನು ಅದು ಎಲ್ಲಿ ಸಾಧಿಸಿದೆ, ಎಲ್ಲಿ ಬರಿಯ ಬೈಗುಳದಲ್ಲಿ ದಣಿದಿದೆ ಎಂಬುದನ್ನು ಹೇಳಬಲ್ಲವರು ಈ ಸೀಮೆಯ ವಿದ್ಯಾರ್ಥಿಗಳೇ. ಬೆಂಗಳೂರಿನ ವಿಮರ್ಶಕನಿಗಿಲ್ಲದ ಕಿವಿ ಜನವಾಡದ, ಔರಾದಿನ, ಭಾಲ್ಕಿಯ ಓದುಗನಿಗಿದೆ. ಆ ಕಿವಿಯನ್ನು ಮುಚ್ಚಿಕೊಂಡು ಅವನು ಬೆಂಗಳೂರಿನಿಂದ ಬಂದ ಅಭಿಪ್ರಾಯವನ್ನು ಮುಂದಕ್ಕೆ ರವಾನಿಸುತ್ತಿರುವುದೇ ವಿಷಾದದ ಸಂಗತಿ.

ಕೀರ್ತಿನಾಥ ಕುರ್ತಕೋಟಿ, ಜಿ. ಎಸ್. ಆಮೂರರಂತಹವರು ಕಾದಂಬರಿಗಳ ಬಗ್ಗೆ ಬರೆದ ಪುಟಗಳನ್ನು ತೆರೆದು ನೋಡಬೇಕು. ಅವರೊಂದಿಗೆ ಜಗಳವಾಡಬಹುದು, ಏಕೆಂದರೆ ತಾವು ಯಾವ ಸನ್ನಿವೇಶದಿಂದ ಆ ನಿರ್ಣಯಕ್ಕೆ ಬಂದೆವೆಂದು ಅವರು ಕಾಣಿಸುತ್ತಾರೆ. ಜಗಳಕ್ಕೆ ಅವಕಾಶ ಕೊಡುವ ಅಭಿಪ್ರಾಯವೇ ವಿಮರ್ಶೆ. ಜೈಕಾರಕ್ಕೋ ಧಿಕ್ಕಾರಕ್ಕೋ ಮಾತ್ರ ಅವಕಾಶ ಕೊಡುವುದು ವಿಮರ್ಶೆಯಾಗಲಾರದು.

ಆದ್ದರಿಂದ ಸಾಹಿತ್ಯ ವಿದ್ಯಾರ್ಥಿಗಳಲ್ಲಿ ಕೇಳಿಕೊಳ್ಳಬೇಕಾದದ್ದು ದೊಡ್ಡದೇನಲ್ಲ. ಇತ್ತೀಚೆಗೆ ಓದಿದ ಕಾದಂಬರಿಯ ಬಗ್ಗೆ ಹೇಳುವಾಗ ಎಷ್ಟು ಓದಿದ್ದೇವೆಂಬುದನ್ನು ಮೊದಲು ಹೇಳಬೇಕು. ಅರ್ಧ ಓದಿದ್ದರೆ ಅರ್ಧವೆಂದೇ ಹೇಳಬೇಕು. ಮೆಚ್ಚಿದ್ದಕ್ಕೂ ಮುನಿದದ್ದಕ್ಕೂ ಪುಟವನ್ನು ತೋರಿಸಬೇಕು. ತನ್ನ ಸಮುದಾಯವನ್ನು ಹೊಗಳಿದ ಕೃತಿಯ ದೋಷವನ್ನು ಒಂದಾದರೂ, ತೆಗಳಿದ ಕೃತಿಯ ಗುಣವನ್ನು ಒಂದಾದರೂ ಹೇಳಲು ಆಗದಿದ್ದರೆ ಓದು ಇನ್ನೂ ಮುಗಿದಿಲ್ಲವೆಂದು ತಿಳಿಯಬೇಕು. ಸಿಗದ ಪುಸ್ತಕದ ಬಗ್ಗೆ ಬರೆಯಬೇಕಾಗಿ ಬಂದರೆ, ಸಿಗಲಿಲ್ಲವೆಂದು ಬರೆಯುವ ಪ್ರಾಮಾಣಿಕತೆ ಇರಬೇಕು.

ಹೊರಗಿನ ಫಲಕ ಒಂದು ಭಾಷೆಯಲ್ಲಿದ್ದರೂ ಒಳಗೆ ಬೇರೆಯದೇ ಪಾಠ ನಡೆಯುತ್ತಿರಬಹುದು ಎಂಬುದನ್ನು ಭಾಲ್ಕಿಯ ಇತಿಹಾಸಕ್ಕಿಂತ ಚೆನ್ನಾಗಿ ಕಲಿಸುವ ಇತಿಹಾಸ ಇನ್ನೊಂದಿಲ್ಲ. ಅಂತಹ ಸೀಮೆಯವರು ಕಾದಂಬರಿಯ ಫಲಕವನ್ನಷ್ಟೇ ಓದಿ ಹಿಂದಿರುಗುವುದು ತಮ್ಮ ಹಿರಿಯರ ಶ್ರಮಕ್ಕೆ ಮಾಡುವ ಅಗೌರವ. ಬಾಗಿಲು ತೆರೆದೇ ಇದೆ. ಒಳಗೆ ಹೋಗಿ ಪಾಠ ಕೇಳಿದ ಮೇಲೆ ಬೇಕಾದರೆ ಗುರುವಿನೊಡನೆ ವಾದಿಸಲಿ.